ಕಾಂಕ್ರೀಟಿಗೆ ಹೇಳಿದ ಏಣಿಯ ಕಥೆ

ನಮ್ಮೂರಿನಲ್ಲಿ ಹಸಿ ಕಾಂಕ್ರೀಟಿನ ಪಕ್ಕದಿಂದ ಹಾದುಹೋಗುವವರು ತುಟಿಯ ಮೇಲೆ ಬೆರಳಿಟ್ಟುಕೊಂಡು ಹೋಗುತ್ತಾರೆ. ಹೊರಗಿನವರು ನೋಡಿದರೆ ಆ ಓಣಿಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡು ಚಪ್ಪಲಿ ಕಳಚುವುದೂ ಉಂಟು. ವಾಸ್ತವದಲ್ಲಿ ಅಲ್ಲಿ ನಡೆದಿರುವುದು ಯಾರದೋ ಬಚ್ಚಲಿನ ನೆಲದ ಕೆಲಸ. ಕಾಂಕ್ರೀಟು ಗಟ್ಟಿಯಾಗುವ ತನಕ ಕೇಳಿಸಿಕೊಳ್ಳುತ್ತದೆ; ಕೇಳಿಸಿಕೊಂಡದ್ದಕ್ಕೆ ತಕ್ಕಂತೆ ಗಟ್ಟಿಯಾಗುತ್ತದೆ. ಬೆಲ್ಲ ಸಿಹಿ ಎಂಬುದನ್ನು ಒಪ್ಪಿಕೊಂಡಷ್ಟೇ ಸಹಜವಾಗಿ ಇದನ್ನೂ ಒಪ್ಪಿಕೊಂಡು ನಮ್ಮ ಜನ ಬದುಕು ಸಾಗಿಸುತ್ತಿದ್ದಾರೆ.

ಬಸ್ ನಿಲ್ದಾಣದ ನೆಲ ಹಾಕಿದ ದಿನ ಪಕ್ಕದ ಚಹಾದಂಗಡಿಯಲ್ಲಿ ಅಣ್ಣತಮ್ಮಂದಿರಿಬ್ಬರು ಆಸ್ತಿ ಪಾಲು ಮಾಡಿಕೊಳ್ಳುತ್ತಿದ್ದರು. ನೆಲ ನಟ್ಟನಡುವೆ ಬಿರುಕುಬಿಟ್ಟಿತು. ಬಿರುಕಿನ ಒಂದು ಪಾಲು ಇನ್ನೊಂದಕ್ಕಿಂತ ತುಸು ದೊಡ್ಡದು ಎಂಬ ತಕರಾರು ಇಂದಿಗೂ ನಿಂತಿಲ್ಲ. ಊರಿನ ಹಳೆಯ ನೀರಿನ ತೊಟ್ಟಿಯ ಕಥೆ ಇದಕ್ಕಿಂತ ದಾರುಣ. ಅದನ್ನು ಕಟ್ಟಿದ್ದು ಶಾಲೆಯ ಹಿತ್ತಿಲಿನಲ್ಲಿ. ಅದೇ ದಿನ ಶಾಲೆಯ ಅಂಗಳದಲ್ಲಿ ಹೆಡ್‌ಮಾಸ್ತರರ ಬೀಳ್ಕೊಡುಗೆ ಸಮಾರಂಭ. ಮಾಸ್ತರರು ಅತ್ತರು, ಮಕ್ಕಳು ಅತ್ತರು, ಹಾರ ತಂದವನೂ ಅತ್ತ. ತೊಟ್ಟಿ ಅಂದಿನಿಂದ ಅಳುತ್ತಲೇ ಇದೆ. ಬೆಳಿಗ್ಗೆ ತುಂಬಿದ ನೀರು ಮಧ್ಯಾಹ್ನದೊಳಗೆ ಗೋಡೆಯಿಂದ ಜಿನುಗಿ ಹಿತ್ತಿಲಿನ ಬಾಳೆಗಿಡಗಳ ಪಾಲಾಗುತ್ತದೆ. ಬಾಳೆಗಿಡಗಳೇನೋ ಬಲು ಸಮೃದ್ಧವಾಗಿವೆ. ಊರಿನ ಹೆಂಗಸರು ಮಾತ್ರ ಕೊಡ ಹೊತ್ತು ದಿಬ್ಬದಾಚೆಯ ಬಾವಿಗೆ ಹೋಗಿಬರಬೇಕು.

ನಾನು ರಸಾಯನಶಾಸ್ತ್ರ ಓದಿದವಳು, ಹೆಸರು ಕಸ್ತೂರಿ. ಪದವಿ ಮುಗಿಸಿ ಬಂದ ಮೇಲೆ ಪುರಸಭೆ ನನ್ನನ್ನು ಮಿಶ್ರಣಾಧಿಕಾರಿಯಾಗಿ ನೇಮಿಸಿಕೊಂಡಿತು. ಕಾಲೇಜಿನಲ್ಲಿ ಕಾಂಕ್ರೀಟಿಗೆ ಬೆರೆಸುವ ದ್ರಾವಣಗಳ ಪಾಠ ನಡೆದಾಗ ನನಗೊಬ್ಬಳಿಗೇ ನಗು ಬಂದಿತ್ತು. ಮೇಷ್ಟರ ಮೇಜಿನ ಮೇಲೆ ಸಾಲಾಗಿ ಬಾಟಲಿಗಳಿದ್ದವು. ಒಂದು, ನೀರನ್ನು ಹೆಚ್ಚಿಸದೆಯೇ ಮಿಶ್ರಣವನ್ನು ಸಲೀಸಾಗಿ ಹರಿಯುವಂತೆ ಮಾಡುವುದು. ಒಂದು, ಬಿಸಿಲಿನಲ್ಲೂ ಬೇಗ ಬಿಗಿಯದಂತೆ ತಡೆದು ನಿಲ್ಲಿಸುವುದು. ಮತ್ತೊಂದು, ಬೇಗ ಗಟ್ಟಿಯಾಗೆಂದು ಅವಸರಿಸುವುದು. ಉಳಿದವರಿಗೆ ಅವು ಬಾಟಲಿಗಳಾಗಿ ಕಂಡವು; ನನಗೆ ನಮ್ಮೂರಿನ ಮುಖಗಳಾಗಿ ಕಂಡವು. ನಮ್ಮಲ್ಲಿ ಈ ಕೆಲಸವನ್ನು ಮಾಡುವವರು ಮನುಷ್ಯರು. ಅವರಿಗೆ ಬೆರಕೆಯವರು ಎಂದು ಹೆಸರು. ಪುರಸಭೆ ಒಮ್ಮೆ ಆ ಬಾಟಲಿಗಳನ್ನೂ ತರಿಸಿ ನೋಡಿತ್ತು. ದ್ರಾವಣ ತನ್ನ ಕೆಲಸವನ್ನು ಶ್ರದ್ಧೆಯಿಂದಲೇ ಮಾಡುತ್ತಿತ್ತು, ಆದರೆ ಬೇಲಿಯಾಚೆ ಇಬ್ಬರು ಬದನೆಕಾಯಿಯ ದರಕ್ಕೆ ಜಗಳ ತೆಗೆದ ಕೂಡಲೇ ಕಾಂಕ್ರೀಟು ಬಾಟಲಿಯನ್ನು ಮರೆತು ಬದನೆಕಾಯಿಯ ಕಡೆ ಕಿವಿಗೊಟ್ಟಿತು.

ಹರಿಯುವಂತೆ ಮಾಡುವವನು ಬಳೆಗಾರ ಹುಸೇನಸಾಬ. ಎಂಥ ಗಡಸು ಕೈಯನ್ನೂ ಮಾತಿನಿಂದಲೇ ಮೆತ್ತಗಾಗಿಸಿ ಗಾಜಿನ ಬಳೆ ಏರಿಸಿಬಿಡುವ ನಾಲಗೆ ಅವನದು. ಅವನು ಹೊಗಳಿದ ಕಾಂಕ್ರೀಟು ಕಡಿಮೆ ನೀರಿನಲ್ಲೇ ಮೂಲೆಮೂಲೆಗೂ ಹರಿದು ಕೂರುತ್ತದೆ. ನೀರು ಕಡಿಮೆಯಾದಷ್ಟೂ ಒಳಗೆ ರಂಧ್ರ ಕಡಿಮೆ; ಗೋಡೆಗೆ ಬಲವೂ ಹೆಚ್ಚು, ಮೈಯೂ ನುಣುಪು. ಆದರೆ ಪ್ರಮಾಣ ತಪ್ಪಬಾರದು. ಒಂದು ಸಲ ಅವನು ವಾಚನಾಲಯದ ಮೆಟ್ಟಿಲುಗಳನ್ನು ಅಳತೆಮೀರಿ ಹೊಗಳಿದ. ಜಲ್ಲಿ ಕೆಳಗೆ ಕುಳಿತು, ಗಾರೆ ಮೇಲೆ ತೇಲಿ, ಮೆಟ್ಟಿಲುಗಳು ಉಬ್ಬಿಹೋಗಿ ಅಚ್ಚನ್ನು ದಾಟಿ ರಸ್ತೆಯವರೆಗೂ ಹರಿದುಬಂದವು. ವಾಚನಾಲಯಕ್ಕೆ ಈಗ ಇರುವುದು ಮೆಟ್ಟಿಲಲ್ಲ, ಜಾರುಬಂಡೆ.

ತಡೆದು ನಿಲ್ಲಿಸುವವನು ಗದಿಗೆಪ್ಪಜ್ಜ. ಅವನು ಹೇಳುವುದು ಒಂದೇ ಕಥೆ. ಚನ್ನಬಸ್ಯಾ ಎಂಬಾತ ನೆರೆಮನೆಯವನಿಂದ ಎರವಲು ತಂದ ಏಣಿಯನ್ನು ಹಿಂದಿರುಗಿಸಲು ಹೊರಡುತ್ತಾನೆ. ಗದಿಗೆಪ್ಪಜ್ಜನ ಮದುವೆಯ ವರ್ಷ ಹೊರಟ ಚನ್ನಬಸ್ಯಾ ಇನ್ನೂ ತಲುಪಿಲ್ಲ. ಒಂದು ಕೆಲಸದ ಜಾಗದಲ್ಲಿ ನಿಂತ ಕಥೆ ಮುಂದಿನ ಜಾಗದಲ್ಲಿ ಅಲ್ಲಿಂದಲೇ ಮುಂದುವರಿಯುತ್ತದೆ. ಏಣಿ ಎಮ್ಮೆಯ ಕೊಂಬಿಗೆ ಸಿಕ್ಕಿದೆ, ಸಂತೆಯಲ್ಲಿ ಹರಾಜಿಗೆ ಬಂದಿದೆ, ಒಬ್ಬಳ ಮದುವೆ ತಪ್ಪಿಸಿದೆ, ಇನ್ನೊಬ್ಬಳದು ಕೂಡಿಸಿದೆ. ಮುಂದೇನಾಗುವುದೋ ಎಂದು ಕಾಯುತ್ತ ಕಾಂಕ್ರೀಟು ಬಿಗಿಯುವುದನ್ನೇ ಮುಂದೂಡುತ್ತದೆ. ಈ ವೃತ್ತಿಗೆ ಇರುವ ಕಟ್ಟಳೆ ಒಂದೇ: ಕಥೆ ಮುಗಿಸಿದವನಿಗೆ ಕೆಲಸವಿಲ್ಲ. ಕಾದು ಕೂತವರಿಗೆ ಒಮ್ಮೆ ಕೊನೆ ತಿಳಿದುಬಿಟ್ಟರೆ ಮರುದಿನ ಅದೇ ಬಾಯಿಗೆ ಕಾಂಕ್ರೀಟು ಕಿವಿಗೊಡುವುದಿಲ್ಲ.

ಅವಸರಿಸುವವಳು ಶಂಕ್ರೆವ್ವ. ಅವಳ ಬೈಗುಳ ಬಿದ್ದರೆ ಕಾಂಕ್ರೀಟು ಬೆಚ್ಚಿ ಸೆಟೆದು ನಿಲ್ಲುತ್ತದೆ. ಅವಳು ಬೈಯುವುದು ಒಬ್ಬನನ್ನೇ, ಏಕೆಂದರೆ ಅವಳು ಗದಿಗೆಪ್ಪಜ್ಜನ ಹೆಂಡತಿ. ಗಂಡ ಎದುರಿಗೆ ಇರಬೇಕಾದ ಅಗತ್ಯವಿಲ್ಲ, ನೆನಪಾದರೆ ಸಾಕು. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸುವುದು ಮಾತ್ರ ನಿಷಿದ್ಧ. ಹಿಂದೊಮ್ಮೆ ಸಂತೆಪೇಟೆಯ ಗಟಾರದ ಕೆಲಸದಲ್ಲಿ ಇಬ್ಬರೂ ಏಕಕಾಲಕ್ಕೆ ಬಾಯಿಬಿಟ್ಟರು. ಗಟಾರದ ಒಂದು ದಂಡೆ ಕ್ಷಣದಲ್ಲಿ ಕಲ್ಲಾಯಿತು, ಇನ್ನೊಂದು ವಾರವಾದರೂ ಮೊಸರಿನಂತೆ ತುಳುಕುತ್ತಿತ್ತು. ಅವರ ಸ್ವಂತ ಮನೆಯ ನೆಲ ಇಂದಿಗೂ ಸಗಣಿ ಸಾರಿಸಿದ ಮಣ್ಣಿನದೇ. ಅಲ್ಲಿ ಕಾಂಕ್ರೀಟು ಹಾಕುವ ಧೈರ್ಯ ಯಾವ ಮೇಸ್ತ್ರಿಗೂ ಬಂದಿಲ್ಲ.

ಹೊಸ ತೊಟ್ಟಿಯ ಯೋಜನೆ ನನ್ನ ಮೊದಲ ದೊಡ್ಡ ಕೆಲಸ. ಗೋಡೆ ದುಂಡಗೆ, ಒಂದೇ ಸಲಕ್ಕೆ, ಮಧ್ಯೆ ನಿಲ್ಲಿಸದೆ ಏರಬೇಕು. ಕೆಳಗಿನ ಪದರ ಬಿಗಿದ ಮೇಲೆ ಮೇಲಿನ ಪದರ ಬಿದ್ದರೆ ಎರಡೂ ಬೆಸೆಯುವುದಿಲ್ಲ. ಆ ಗೆರೆಯಲ್ಲೇ ನೀರು ದಾರಿ ಹುಡುಕಿಕೊಳ್ಳುತ್ತದೆ. ಸಿಮೆಂಟಿನ ಮೂರನೆಯ ಒಂದು ಪಾಲನ್ನು ತೆಗೆದು ಅದರ ಬದಲು ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಸೇರಿಸುವುದೆಂದು ನಾನು ನಿರ್ಧರಿಸಿದೆ. ಸಿಮೆಂಟು ಬೇಯಿಸುವ ಗೂಡುಗಳ ಹೊಗೆ ಅಷ್ಟು ಕಡಿಮೆಯಾಗುತ್ತದೆ, ಬೀದಿಗೆ ಸುರಿಯಬೇಕಾದ ಬೂದಿಗೂ ಒಂದು ನೆಲೆ ಸಿಗುತ್ತದೆ, ಗೋಡೆಗೂ ದೀರ್ಘಾಯುಷ್ಯ. ಬೂದಿಗೆ ಇರುವ ದೋಷ ಒಂದೇ, ಅದು ಸೋಮಾರಿ. ಆರಂಭದಲ್ಲಿ ಬಲು ನಿಧಾನ. ಕೊನೆಯಲ್ಲಿ ಶಂಕ್ರೆವ್ವನ ಬಾಯಿ ಇದೆಯಲ್ಲ ಎಂಬುದೇ ನನ್ನ ಧೈರ್ಯವಾಗಿತ್ತು.

ಪುರಸಭೆಯ ಅಧ್ಯಕ್ಷ ಇರಸಂಗಪ್ಪನವರಿಗೆ ಬೂದಿಯ ಬಗ್ಗೆ ಅನುಮಾನವಿತ್ತು.

“ಕಸ್ತೂರಿ, ಬೂದಿ ಅಂದ್ರ ಪಾತ್ರಿ ತಿಕ್ಕೂದಲ್ಲೇನವಾ? ಅದನ್ನ ಟಾಕಿಗೆ ಹಾಕಿ ಊರ ಮಂದೀ ಹಲ್ಲು ತಿಕ್ಕಸ್ತಿಯೇನು?”

“ಗಟ್ಟಿಯಾದ ಮ್ಯಾಲೆ ಬೂದಿ ಅನ್ನೋದು ಉಳಿಯಂಗಿಲ್ರಿ ಸರ್. ಕಲ್ಲಾಗಿರ್ತೈತಿ.”

“ಆಗಲಿಲ್ಲಂದ್ರ?”

“ಶಂಕ್ರೆವ್ವ ಅದಾಳ್ರಿ.”

ಅವರು ಟೋಪಿ ತೆಗೆದು ತಲೆ ಒರೆಸಿಕೊಂಡರು. “ಹಂಗಾರ ಆಗ್ತೈತಿ ಬಿಡು. ಆಕಿ ಬಾಯಿಗೆ ಬೂದಿ ಅಲ್ಲ, ಅಂಬಲೀನೂ ಕಲ್ಲಾಗ್ತೈತಿ.”

ಕೆಲಸದ ಹಿಂದಿನ ಸಂಜೆ ಗದಿಗೆಪ್ಪಜ್ಜ ನನ್ನ ಬಳಿ ಬಂದ. ಅವನು ಎಂದೂ ಒಂದು ವಿಷಯವನ್ನು ನೇರವಾಗಿ ಹೇಳಿದವನಲ್ಲ. ನಮ್ಮ ಮನೆಯ ಕಟ್ಟೆ, ಕಟ್ಟೆಯ ಕಲ್ಲು, ಕಲ್ಲಿನ ಗಣಿ, ಗಣಿಯ ಮಾಲೀಕನ ಮೂಲವ್ಯಾಧಿ, ಇವೆಲ್ಲವನ್ನೂ ಸುತ್ತಿಕೊಂಡು ಕಡೆಗೆ ವಿಷಯಕ್ಕೆ ಬಂದ.

“ಕಸ್ತೂರಿ, ಈ ಟಾಕಿ ಸೋರಬಾರ್ದು ನೋಡವಾ. ಆಕಿ ಮೊಣಕಾಲು ದಿಬ್ಬಾ ಹತ್ತುವಾಗ ಶೇಂಗಾ ಒಡದಂಗ ಲಟಲಟ ಅಂತಾವು. ನಾ ಕೊಡಾ ಹೊರ್ತೀನಿ ಅಂದ್ರ ಕೊಡಂಗಿಲ್ಲ. ನೀ ನೀರು ತರೂದ್ರಾಗ ಬಾವಿ ಬತ್ತಿ ಹೋಕ್ಕೈತಿ ಅಂತಾಳ. ಹಂಗೇನೂ ಸುಳ್ಳಲ್ಲ, ಆದ್ರೂ.”

“ಸೋರಂಗಿಲ್ಲ ಅಜ್ಜಾ,” ಎಂದೆ.

ಮರುದಿನ ಬೆಳಿಗ್ಗೆ ಕೆಲಸ ಶುರುವಾಯಿತು. ಬಳೆಯ ಮಲಾರವನ್ನು ಪಕ್ಕಕ್ಕಿಟ್ಟು ಹುಸೇನಸಾಬ ಮಿಶ್ರಣಯಂತ್ರದ ಬಾಯಿಯ ಬಳಿ ಕುಕ್ಕರಗಾಲಿನಲ್ಲಿ ಕುಳಿತ. “ಆಹಾ, ಏನ್ ಮೈ ಐತಿ ನಿಂದು, ರೇಷ್ಮಿ ಸೀರಿ ಹಂಗ. ನಿನಗ ಯಾರವಾ ನೀರು ಹಾಕು ಅಂದಾವ್ರು? ಹಾಂ, ಹಂಗ, ಕೈ ಸಡ್ಲ ಬಿಡು. ಆ ಸರಳಿನ ಹಿಂದ ಒಂದೀಟು ಜಾಗಾ ಐತಿ, ಹೋಗಿ ಕುಂದ್ರು ನೋಡೂನು. ಚುಚ್ಚಂಗಿಲ್ಲ ತಗೋ.” ಬೂದುಬಣ್ಣದ ಮಿಶ್ರಣ ಒಮ್ಮೆ ನಡುಗಿ, ನಾಚಿದಂತೆ ಜಾರಿ, ಕಬ್ಬಿಣದ ಸರಳುಗಳ ಸಂದುಗೊಂದುಗಳಿಗೆಲ್ಲ ಇಳಿಯಿತು. ನಾನು ಪ್ರಮಾಣ ನೋಡಿ ಕೈಯೆತ್ತಿದೆ. ಅವನು ಕೂಡಲೇ ಬಾಯಿಮುಚ್ಚಿದ. ವಾಚನಾಲಯದ ಮೆಟ್ಟಿಲುಗಳ ನಂತರ ಅವನು ನನ್ನ ಕೈಗೆ ಬಹಳ ಮರ್ಯಾದೆ ಕೊಡುತ್ತಿದ್ದ.

ಅಚ್ಚಿನ ಪಕ್ಕ ಸ್ಟೂಲಿನ ಮೇಲೆ ಗದಿಗೆಪ್ಪಜ್ಜ. “ಹೋದ ಸಲ ಎಲ್ಲಿಗೆ ಬಂದಿದ್ವಿ? ಹಾಂ. ಚನ್ನಬಸ್ಯಾ ಏಣಿ ಹೊತ್ಕೊಂಡು ಊರ ಅಗಸಿ ಬಾಗಲದಾಗ ಬಂದ. ಏಣಿ ಉದ್ದ, ಬಾಗಲಾ ಸಣ್ಣದು. ಅಡ್ಡ ಹಿಡದ್ರ ಹೋಗಂಗಿಲ್ಲ, ಉದ್ದ ಹಿಡದ್ರ ಹಿಂದಿನವ್ರಿಗೆ ಬಡೀತೈತಿ…” ಕಾಂಕ್ರೀಟಿನ ಮೇಲ್ಮೈ ತೇವದಿಂದ ಮಿನುಗುತ್ತ, ಕಣ್ಣು ಪಿಳಿಪಿಳಿ ಬಿಟ್ಟಂತೆ ಎಚ್ಚರವಾಗಿತ್ತು. ಶಂಕ್ರೆವ್ವನನ್ನು ದೂರದ ಬೇವಿನ ಮರದ ಕೆಳಗೆ ಕೂರಿಸಿ, ಕಿವಿಗೆ ಹತ್ತಿ ತುರುಕಿ, ಕೈಗೆ ಎಲೆಅಡಿಕೆ ಚೀಲ ಕೊಟ್ಟಿದ್ದೆವು. ಅವಸರದ ಬೆರಕೆಯವಳು ಬೇಗ ಕಾವೇರಬಾರದು.

ಗೋಡೆ ಅರ್ಧ ಏರಿದಾಗ ಮಿಶ್ರಣಯಂತ್ರದ ಬೆಲ್ಟು ಹರಿಯಿತು. ಊರಿನಲ್ಲಿ ಅಂಥದೇ ಬೆಲ್ಟು ಇದ್ದದ್ದು ಹಿಟ್ಟಿನ ಗಿರಣಿಯಲ್ಲಿ. ಮೇಸ್ತ್ರಿ ಅಲ್ಲಿಗೆ ಓಡಿದ. ಗಿರಣಿಯಲ್ಲಿ ಯಾರದೋ ಮದುವೆಯ ರೊಟ್ಟಿಗೆ ಜೋಳ ಬೀಳುತ್ತಿತ್ತು. ಹಾಕಿದ ಜೋಳ ಮುಗಿಯುವ ಮುನ್ನ ಬೆಲ್ಟು ಬಿಚ್ಚಿದರೆ ಆ ಮದುವೆಗೆ ಮಕ್ಕಳಾಗುವುದಿಲ್ಲ ಎಂದು ಗಿರಣಿಯವನು ಪಟ್ಟುಹಿಡಿದ. ಬಿಸಿಲು ನೆತ್ತಿಗೇರಿತು. ಕೆಳಗಿನ ಪದರವನ್ನು ಎಚ್ಚರವಾಗಿಡುವ ಹೊಣೆ ಪೂರ್ತಿಯಾಗಿ ಒಂದು ಏಣಿಯ ಮೇಲೆ ಬಿತ್ತು.

ಗದಿಗೆಪ್ಪಜ್ಜ ಅಗಸಿ ಬಾಗಿಲನ್ನು ದಾಟಿಸಿದ. ಬಾಗಿಲಿನಾಚೆ ಒಂದು ನಾಯಿಯನ್ನು ತಂದ, ನಾಯಿಯ ಪೂರ್ವಜರನ್ನು ತಂದ. ಏಣಿಯ ಒಂದೊಂದು ಮೆಟ್ಟಿಲನ್ನೂ ಯಾವ ಮರದಿಂದ ಮಾಡಿದ್ದು ಎಂದು ವಿವರಿಸಿದ. ಅವನ ದನಿ ಒಣಗುತ್ತಿತ್ತು. ನಾನು ಕಾಂಕ್ರೀಟಿಗೆ ಚುಚ್ಚಿ ನೋಡುವ ಸೂಜಿಯನ್ನು ಇಳಿಸಿದೆ. ಮೊದಲಿನಷ್ಟು ಸುಲಭವಾಗಿ ಅದು ಇಳಿಯಲಿಲ್ಲ. ಕಥೆ ಸಪ್ಪೆಯಾಗುತ್ತಿದೆ ಎಂದು ಕಾಂಕ್ರೀಟಿಗೆ ತಿಳಿದುಹೋಗಿತ್ತು. ನಾನು ಅವನ ಕಡೆ ನೋಡಿದೆ. ಅವನು ನನ್ನ ಕೈಯ ಸೂಜಿಯನ್ನು ನೋಡಿದ. ನಂತರ, ಇಷ್ಟು ವರ್ಷಗಳಲ್ಲಿ ಎಂದೂ ಕಥೆಯೊಳಗೆ ಬಾರದವರೊಬ್ಬರನ್ನು ತಂದ.

“ಆಗ ಎದುರಿಗೆ ಒಬ್ಬಾಕಿ ಬಂದ್ಳು. ನಡದಾಗ ಕೊಡ. ಮೂಗಿನ ಮ್ಯಾಲೆ ಸಿಟ್ಟು, ಸಿಟ್ಟಿನ ಮ್ಯಾಲೆ ಮೂಗುಬಟ್ಟು. ಚನ್ನಬಸ್ಯಾಗ ಎಲ್ಲಿಗೆ ಹೊಂಟೀನಿ ಅನ್ನೂದ ಮರತುಹೋತು. ಯಾಕಂದ್ರ ಆಕಿ ಇವನಿಗೆ ಬಯ್ಯಾಕತ್ತಿದ್ಳು. ಏ ಹಾಟ್ಯಾ, ಏಣಿ ಹಿಡಕೊಂಡು ದಾರ್ಯಾಗ ಮರ ಆಗೀಯೇನು, ಅಂದ್ಳು. ಏಸು ಮಂದಿ ಬೈದಿದ್ರು ಇವನಿಗೆ. ಆದ್ರ ಇಷ್ಟು ಚಂದಾಗಿ ಯಾರೂ ಬೈದಿದ್ದಿಲ್ಲ. ಇನ್ನೊಮ್ಮೆ ಬೈಲಿ ಅಂತ ಅಲ್ಲೇ ನಿಂತಾವ, ನಿಂತ ಬಿಟ್ಟ. ಅವತ್ತಿಂದ ಈ ಏಣಿ ಯಾಕ ಮುಟ್ಟಸವಲ್ಲ ಅಂದ್ರ, ಮುಟ್ಟಿಸಿದ್ರ ಆಕಿ ಬಯ್ಯೂದು ನಿಂತು ಹೋಕ್ಕೈತಲ್ಲ…”

ಗಾರೆ ಹೊರುವವರು ಬುಟ್ಟಿ ತಲೆಯ ಮೇಲಿಟ್ಟುಕೊಂಡೇ ನಿಂತುಬಿಟ್ಟರು. ಹುಸೇನಸಾಬ ಮೆಲ್ಲಗೆ, “ವಾಹ್ ಮುದುಕಾ, ನನ್ನ ಧಂದೆಕ್ಕ ಕೈ ಹಾಕಿದ್ಯಲ್ಲ,” ಎಂದ. ಸೂಜಿ ಇಳಿಸಿದೆ, ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಅಷ್ಟರಲ್ಲಿ ಬೆಲ್ಟೂ ಬಂತು, ಯಂತ್ರವೂ ತಿರುಗಿತು. ಬೆಲ್ಟಿನಿಂದ ಉದುರಿದ ಜೋಳದ ಹಿಟ್ಟಿಗೆ ನಾನು ಲೆಕ್ಕದಲ್ಲಿ ಜಾಗ ಮಾಡಿಕೊಂಡೆ. ಎರಡು ಪದರಗಳು ಗೆರೆಯಿಲ್ಲದೆ ಬೆರೆತು, ಗೋಡೆ ಕೊನೆಯ ಅಂಚಿನವರೆಗೂ ಏರಿತು.

ಆಗ ಪಡುವಣದಲ್ಲಿ ಮೋಡ ಕಟ್ಟಿತು. ಹೊತ್ತಲ್ಲದ ಹೊತ್ತಿನ ಅಡ್ಡಮಳೆ. ಹಸಿ ಗೋಡೆಯ ಮೇಲೆ ಅದು ಬಿದ್ದರೆ ಸಿಮೆಂಟನ್ನೂ ಬೂದಿಯನ್ನೂ ತೊಳೆದುಕೊಂಡು ಜಲ್ಲಿಯನ್ನಷ್ಟೇ ಬಿಟ್ಟುಹೋಗುತ್ತದೆ. ಹೊದಿಸಲು ಇದ್ದಬದ್ದ ತಾಡಪತ್ರಿಯೆಲ್ಲ ಗೋಡೆಯ ಕಾಲುಭಾಗಕ್ಕೂ ಸಾಲದು. ನಾನು ಶಾಂತವಾಗಿಯೇ ಇದ್ದೆ, ಏಕೆಂದರೆ ಇಂಥ ಹೊತ್ತಿಗೆಂದೇ ನನ್ನ ಯೋಜನೆಯಲ್ಲಿ ಶಂಕ್ರೆವ್ವ ಇದ್ದಳು. ಅವಳನ್ನು ಕರೆತರಲು ಬೇವಿನ ಮರದ ಬಳಿ ಹೋದೆ.

ಹತ್ತಿ ಕಿವಿಯಲ್ಲಿರಲಿಲ್ಲ, ಮಡಿಲಿನಲ್ಲಿತ್ತು. ಬೆಲ್ಟಿಗೆ ಕಾದು ಬೇಸತ್ತು ತೆಗೆದಿದ್ದಳಂತೆ; ಕೊಡದವಳ ಕಥೆ ಪೂರ್ತಿ ಕಿವಿಗೆ ಬಿದ್ದಿತ್ತು. ಎಲೆಅಡಿಕೆ ಚೀಲ ಬಿಚ್ಚಿರಲಿಲ್ಲ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದಳು, ಹೊಸದಾಗಿ ನೋಡಲು ಬಂದ ಗಂಡಿನ ಮುಂದೆ ಕುಳಿತಂತೆ.

“ಶಂಕ್ರೆವ್ವಾ, ಏಳು. ಮಳಿ ಬರಾಕತ್ತೈತಿ. ಶುರು ಮಾಡು.”

ಅವಳು ಬಂದು ಗೋಡೆಯ ಎದುರು ನಿಂತಳು. ಗಂಟಲು ಸರಿಪಡಿಸಿಕೊಂಡಳು. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು. ಇರಸಂಗಪ್ಪನವರು ಟೋಪಿಯನ್ನು ಭದ್ರಮಾಡಿಕೊಂಡರು.

“ಏ ಮುದುಕಾ,” ಎಂದಳು. ನಿಂತಳು. ಮತ್ತೆ, “ಏ… ಬಿಸಲಾಗ ಕುಂತು ಬಾಯಿ ಒಣಗಿಸ್ಕೊಂಡಿಯಲ್ಲಾ, ನೀರರ ಕುಡದಿಯೇನು?” ಎಂದಳು.

ಕಾಂಕ್ರೀಟು ಇನ್ನಷ್ಟು ಸಡಿಲವಾಯಿತು. ಸೂಜಿ ಇಡ್ಲಿಹಿಟ್ಟಿನಲ್ಲಿ ಮುಳುಗಿದಂತೆ ಮುಳುಗಿತು.

“ಹಂಗಲ್ಲವಾ, ಬೈ ಅವನಿಗೆ,” ಎಂದರು ಅಧ್ಯಕ್ಷರು.

“ಏನಂತ ಬೈಲಿ ಸಾವಕಾರ್ರ? ಬಾಯಿಗೆ ಬರವಲ್ದು. ಎದ್ಯಾಗ ಹುಡುಕಿದೆ, ಒಂದೂ ಇಲ್ಲ. ಎಲ್ಲಾ ಎಲ್ಲಿ ಹೋದ್ವೋ ಏನೋ.”

“ನಿನ್ನೆ ಉಪ್ಪು ತರಾಕ ಹೋದಾವ ಸಂಜೀ ತನಕ ಬರಲಿಲ್ಲಂತ,” ಎಂದು ನಾನು ನೆನಪಿಸಿದೆ.

“ಪಾಪ, ದಾರ್ಯಾಗ ಮಂದಿ ಮಾತಾಡಸ್ತಾರವಾ. ಮುಖಾ ಮುರಿಯಾಕ ಆಗ್ತೈತೇನು?”

ಮೊದಲ ಗುಡುಗು ಕೇಳಿಸಿತು. ಇರಸಂಗಪ್ಪನವರು ಮುಂದೆ ಬಂದು, ಸಾರ್ವಜನಿಕ ಹಿತಕ್ಕಾಗಿ ತಮ್ಮನ್ನೇ ಬೈಯಬಹುದು ಎಂದು ಊರಿನವರಿಗೆ ಅನುಮತಿ ಕೊಟ್ಟರು. ಜನ ಸಾಲಾಗಿ ನಿಂತು ಬೈದರು. ಏನೂ ಆಗಲಿಲ್ಲ. ಬೀದಿದೀಪದಿಂದ ಹಿಡಿದು ಹಂದಿಕಾಟದವರೆಗೆ ಅವರನ್ನು ದಿನಾ ಬೈದು ಬೈದು ಆ ಮಾತುಗಳೆಲ್ಲ ಸವೆದುಹೋಗಿದ್ದವು. ಒಳಗೆ ಕಾವಿಲ್ಲದ ಬೈಗುಳ ಕಾಂಕ್ರೀಟಿಗೆ ಹತ್ತುವುದಿಲ್ಲ. ಅಧ್ಯಕ್ಷರೇ ಬೇಸರಪಟ್ಟುಕೊಂಡರು. “ನಾ ಇಷ್ಟು ವರ್ಷ ದುಡದದ್ದು ಇಷ್ಟಕ್ಕೇನು? ಒಬ್ಬಾವಂಗರ ನನ್ನ ಮ್ಯಾಲೆ ಖರೇ ಸಿಟ್ಟಿಲ್ಲ?”

ನಾನು ಕುಳಿತು ಯೋಚಿಸಿದೆ. ಬೇಕಾದದ್ದು ಹೃತ್ಪೂರ್ವಕವಾದ, ತಾಜಾ, ದೊಡ್ಡ ಪ್ರಮಾಣದ ಕೋಪ. ಅಂಥ ಕೋಪ ಇಲ್ಲದಿದ್ದರೆ ಅದನ್ನು ಉತ್ಪಾದಿಸಬೇಕು. ಉತ್ಪಾದಿಸಲು ಕಚ್ಚಾವಸ್ತು ಬೇಕು. ಈ ಊರಿನಲ್ಲಿ ಎಲ್ಲರೂ ಬಹುಕಾಲದಿಂದ ಸೇರಿಸಿಟ್ಟುಕೊಂಡು, ಇನ್ನೂ ಖರ್ಚು ಮಾಡದೆ ಉಳಿಸಿಕೊಂಡಿರುವುದು ಏನು ಎಂದು ಕೇಳಿಕೊಂಡಾಗ ಉತ್ತರ ಒಂದೇ ಹೊಳೆಯಿತು. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಮನಸ್ಸಾಗಲಿಲ್ಲ. ಆದರೂ ಗದಿಗೆಪ್ಪಜ್ಜನ ಸ್ಟೂಲಿನ ಬಳಿ ಹೋದೆ.

“ಅಜ್ಜಾ, ಕತಿ ಮುಗಿಸಬೇಕಾಗೈತಿ.”

ಈ ಸಲ ಅವನು ಕಟ್ಟೆ, ಕಲ್ಲು, ಗಣಿ ಒಂದನ್ನೂ ಸುತ್ತಲಿಲ್ಲ. ಅವನು ನೇರವಾಗಿ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

“ಮುಗಿಸಿದ್ರ ನನ್ನ ಬೆರಕಿ ಕೆಲಸ ಹೋತು ಕಸ್ತೂರಿ.”

“ಗೊತ್ತೈತಿ ಅಜ್ಜಾ.”

“ಚಂದಾಗಿ ಮುಗಿಸಲೋ, ಕೆಟ್ಟಾಗಿ ಮುಗಿಸಲೋ?”

“ಎಷ್ಟು ಕೆಟ್ಟಾಗಿ ಆಗ್ತೈತೋ ಅಷ್ಟು. ಕಾದ ಮಂದಿಗೆ ಖರೇ ಸಿಟ್ಟು ಬರಬೇಕು.”

ಅವನು ಹೆಂಡತಿಯ ಕಡೆ ನೋಡಿದ. ಅವಳು ಅವನಿಗಾಗಿ ತಂಬಿಗೆಯಲ್ಲಿ ನೀರು ಹಿಡಿದುಕೊಂಡು, ಆ ಹಾಳಾದ ಮೊಣಕಾಲುಗಳನ್ನು ಲಟಲಟ ಅನ್ನಿಸುತ್ತ ಬರುತ್ತಿದ್ದಳು. ಅಜ್ಜ ನಿಟ್ಟುಸಿರುಬಿಟ್ಟ. ಏಳುವ ಮುನ್ನ ಬಾಗಿ, ತೊಟ್ಟಿಯ ಬುಡದಲ್ಲಿ ಕೊಡ ಇಡಲೆಂದು ಅಂದೇ ಹಾಕಿದ್ದ ಕಟ್ಟೆಯ ಹಸಿ ಮೂಲೆಗೆ ಬಾಯಿ ಹಚ್ಚಿ ಏನೋ ಪಿಸುಗುಟ್ಟಿದ. ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತ ಗೊಣಗಿಕೊಂಡ ಎಂದೇ ಆಗ ನಾನು ತಿಳಿದೆ. ಆಮೇಲೆ ಸ್ಟೂಲಿನ ಮೇಲೆ ಹತ್ತಿ ನಿಂತ.

“ಊರ ಮಂದೀ ಕೇಳ್ರಿ. ಚನ್ನಬಸ್ಯಾ ಏಣಿ ಮುಟ್ಟಿಸಿದ ಕತಿ ಹೇಳಾಕತ್ತೀನಿ.”

ಸುದ್ದಿ ಗಾಳಿಗಿಂತ ಮೊದಲೇ ಊರು ತಲುಪಿತು. ಗಿರಣಿಯವನು ಹಿಟ್ಟಿನ ಮೈಯಲ್ಲೇ ಬಂದ. ಮದುವೆಮನೆಯವರು ರೊಟ್ಟಿಯ ಹಂಚು ಒಲೆಯ ಮೇಲೆ ಬಿಟ್ಟು ಬಂದರು. ಆಸ್ತಿ ಪಾಲಾದ ಅಣ್ಣತಮ್ಮಂದಿರು ಒಬ್ಬರ ಪಕ್ಕ ಒಬ್ಬರು ನಿಂತಿರುವುದನ್ನು ತಾವೇ ಗಮನಿಸಲಿಲ್ಲ. ಏಣಿ ಮುಟ್ಟುತ್ತದೋ ಇಲ್ಲವೋ ಎಂದು ಪಂಥ ಕಟ್ಟಿ ಮುದುಕರಾದವರೂ ಆ ಗುಂಪಿನಲ್ಲಿದ್ದರು. ಗೋಡೆಯೂ ಕಿವಿಯಾಗಿ ನಿಂತಿತು. ಶಂಕ್ರೆವ್ವನ ಕೈಯ ತಂಬಿಗೆ ಅಲುಗಾಡಲಿಲ್ಲ.

“ಚನ್ನಬಸ್ಯಾ ನೆರಿಮನಿ ಬಾಗಲಾ ಬಡದ,” ಎಂದ ಗದಿಗೆಪ್ಪಜ್ಜ. “ನೆರಿಯಾವ ಹೊರಗ ಬಂದ. ಏಣಿ ನೋಡಿದ. ಇದು ನನ್ನ ಏಣಿ ಅಲ್ಲ, ಅಂದ. ಹೌದೇನು, ಅಂದ ಚನ್ನಬಸ್ಯಾ. ಹೌದು, ಅಂದ ಅವ. ಏಣಿ ಅಲ್ಲೇ ಗ್ವಾಡಿಗೆ ಆನಿಸಿ ಮನಿಗೆ ಬಂದು ಉಂಡು ಮಕ್ಕೊಂಡ. ಕತಿ ಮುಗೀತು.”

ಕೆಳಗಿಳಿದ.

ಮೊದಲು ಕೇಳಿಸಿದ್ದು ತಂಬಿಗೆ ನೆಲಕ್ಕೆ ಬಿದ್ದ ಸದ್ದು.

“ಮುದುಕಾ,” ಎಂದಳು ಶಂಕ್ರೆವ್ವ. ದನಿ ಮೆಲ್ಲಗಿತ್ತು, ಆದರೆ ಪಕ್ಕದಲ್ಲಿದ್ದ ಹುಸೇನಸಾಬ ತನ್ನ ಬಳೆಗಳ ಮಲಾರವನ್ನು ಅಪ್ಪಿಕೊಂಡ. “ನಿನ್ನ ಬಾಯಾಗ ಮಣ್ಣ ಹಾಕಾ. ಮದಿವ್ಯಾದ ರಾತ್ರಿ ಮುಂದೇನಾತು ಅಂದ್ರ ನಾಳೆ ಹೇಳ್ತೀನಿ ಅಂದಿ. ಬಾಣಂತಿ ಇದ್ದಾಗ ಕೇಳಿದ್ರ ಕೂಸು ಮಲಗಲಿ ಅಂದಿ. ಆ ಕೂಸಿಗೆ ಈಗ ಬೋಳು ತಲಿ ಆಗೈತಿ. ಉಂಡು ಮಕ್ಕೊಂಡನಂತ, ಉಂಡು. ಯಾರು ಹಾಕಿದ್ರೋ ಅವಂಗ ಕೂಳು? ಈ ಕತಿಗಾಗಿ ನಾ ಏಸು ಸಲ ಸಾರು ಹೊತ್ತಿಸೀನಿ ಗೊತ್ತೈತೇನು ನಿನಗ? ಬಸವನಹುಳಾ ಸೈತ ನಿನಗಿಂತ ಲಗೂನ ಹೋಗಿ, ನಿನಗಿಂತ ಚಲೋ ಸುದ್ದಿ ತರ್ತೈತಿ…”

ಅವಳ ಹಿಂದೆ ಊರಿಗೆ ಊರೇ ಬಾಯಿಬಿಟ್ಟಿತು. ಗಿರಣಿಯವನು ಬೈದ, ಮೇಸ್ತ್ರಿ ಬೈದ, ಮದುವೆಯ ಮದುಮಗಳು ಬಾಸಿಂಗ ಕಟ್ಟಿಕೊಂಡೇ ಬೈದಳು. ಆಯುಷ್ಯವಿಡೀ ಸಿಹಿಮಾತನ್ನೇ ಆಡಿದ್ದ ಹುಸೇನಸಾಬನೂ, “ಛೀ, ಗಾಜು ಒಡದಂಗ ಒಡದ್ಯಲ್ಲೋ ನನ್ನ ಎದೀನ,” ಎಂದ. ಯಾರೂ ತಮ್ಮನ್ನು ಬೈಯುತ್ತಿಲ್ಲವೆಂಬುದು ಮನವರಿಕೆಯಾದ ಇರಸಂಗಪ್ಪನವರು ಎಲ್ಲರಿಗಿಂತ ಜೋರಾಗಿ ಬೈದರು. ಗದಿಗೆಪ್ಪಜ್ಜ ತಲೆ ತಗ್ಗಿಸಿ, ಕೈಕಟ್ಟಿ, ಮಳೆಯಲ್ಲಿ ನಿಂತ ಎಮ್ಮೆಯಂತೆ ಅಷ್ಟನ್ನೂ ಹೊತ್ತುಕೊಂಡ. ನಾನು ಗೋಡೆಯ ಸುತ್ತ ಓಡುತ್ತ ಸೂಜಿ ಒತ್ತುತ್ತಿದ್ದೆ. ಮೊದಲು ಅರ್ಧ ಇಳಿಯಿತು, ಆಮೇಲೆ ಮೊನೆಯಷ್ಟೇ, ಕಡೆಗೆ ಬಾಗಿ ಮುರಿಯಿತು. ಇಡೀ ತೊಟ್ಟಿ ಒಮ್ಮೆ ಘಂಟೆಯಂತೆ ಮೊಳಗಿತು. ಮೊದಲ ಹನಿಗಳು ಗೋಡೆಯ ಮೇಲೆ ಬಿದ್ದು, ಕಮಲದೆಲೆಯ ಮೇಲಿನಿಂದ ಜಾರಿದಂತೆ ಜಾರಿ ಹೋದವು.

ಅಚ್ಚು ಬಿಚ್ಚಿದಾಗ ಗೋಡೆಯಲ್ಲಿ ಒಂದು ತೂತಿರಲಿಲ್ಲ, ಒಂದು ಬಿಳಿಕಲೆಯಿರಲಿಲ್ಲ. ಹುಸೇನಸಾಬ ಹೊಗಳಿದ ಕಡೆಯೆಲ್ಲ ಮೈ ಎಷ್ಟು ನುಣುಪಾಗಿತ್ತೆಂದರೆ ಹೆಂಗಸರು ಅದರಲ್ಲಿ ಕುಂಕುಮ ನೋಡಿಕೊಂಡರು. ನೀರು ತುಂಬಿಸಿದೆವು. ಬೆಳಿಗ್ಗೆ ಇದ್ದಷ್ಟೇ ಸಂಜೆಯೂ ಇತ್ತು. ಹಳೆಯ ತೊಟ್ಟಿಯ ಬಾಳೆಗಿಡಗಳು ಮಾತ್ರ ಅಸಮಾಧಾನಗೊಂಡವು.

ಗದಿಗೆಪ್ಪಜ್ಜನನ್ನು ಪುರಸಭೆಯವರು ನಿಯಮದಂತೆ ಶಾಲು ಹೊದಿಸಿ ಬೆರಕೆಯ ಕೆಲಸದಿಂದ ಬಿಡುಗಡೆ ಮಾಡಿದರು. ಸಮಾರಂಭವನ್ನು ಹಸಿ ಕಾಂಕ್ರೀಟಿನಿಂದ ಬಹುದೂರದಲ್ಲಿ ಏರ್ಪಡಿಸಲಾಗಿತ್ತು. ಅವನು ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿರತೊಡಗಿದ. ಶಂಕ್ರೆವ್ವನ ಬೈಗುಳಕ್ಕೆ ಈಗ ಹೊಸ ಸಾಮಗ್ರಿ ಸಿಕ್ಕಿತ್ತು, ಅವಳ ಬೆರಕೆ ಮೊದಲಿಗಿಂತ ತೀಕ್ಷ್ಣವಾಯಿತು. ನಾನು ನನ್ನ ಲೆಕ್ಕದಲ್ಲಿ ಅವಳ ಪ್ರಮಾಣವನ್ನು ಅರ್ಧಕ್ಕೆ ಇಳಿಸಬೇಕಾಯಿತು.

ಆದರೆ ತೊಟ್ಟಿಯ ಬುಡದ ಕಟ್ಟೆಯಲ್ಲಿ ಅಂಗೈಯಗಲದ ಒಂದು ಮೂಲೆ ಗಟ್ಟಿಯಾಗಲೇ ಇಲ್ಲ. ಸುತ್ತಲೂ ಕಲ್ಲು; ಅದೊಂದೇ ಜಾಗ ಕಣಕದಂತೆ ಮೆತ್ತಗೆ. ನಾನು ಹೊಸ ಸೂಜಿ ತಂದು ಪರೀಕ್ಷಿಸಿದೆ, ಕಾರಣ ತಿಳಿಯಲಿಲ್ಲ. ಒಂದು ಬೆಳಿಗ್ಗೆ ನೀರಿಗೆ ಬಂದ ಶಂಕ್ರೆವ್ವ ಕೊಡವನ್ನು ಅದರ ಮೇಲೆ ಇಟ್ಟಳು. ಕೊಡ ಒಂದಿಷ್ಟು ಹೂತುಕೊಂಡಿತು. ಅವಳು ಬಾಗಿ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಹೆಬ್ಬೆರಳು ಇಳಿಯಿತು. ಅಷ್ಟು ವರ್ಷ ಒಬ್ಬನ ಜೊತೆ ಬಾಳಿದವಳಿಗೆ ಇದು ಯಾರ ಕೆಲಸವೆಂದು ಹೇಳಲು ರಸಾಯನಶಾಸ್ತ್ರ ಬೇಕಾಗಿರಲಿಲ್ಲ. ಕೊಡವನ್ನು ಅಲ್ಲೇ ಬಿಟ್ಟು ಹೋಗಿ ಗಂಡನನ್ನು ಕೈಹಿಡಿದು ಎಳೆತಂದಳು.

“ಇಲ್ಲಿ ಬಗ್ಗಿ ಏನ ಹೇಳಿದ್ಯೋ?”

“ಏನಿಲ್ಲ ತಗೋ. ಆ ಏಣಿ ನೆರಿಯಾವಂದಲ್ಲ ಅಂದಮ್ಯಾಲೆ ಯಾರದು ಅಂತ ನಾಳೆ ಹೇಳ್ತೀನಿ, ಅಷ್ಟ ಅಂದೀನಿ.”

ಶಂಕ್ರೆವ್ವ ಅವನನ್ನು ನೋಡಿದಳು. ಕಟ್ಟೆಯನ್ನು ನೋಡಿದಳು. ನೀರಿಗೆ ಬಂದ ಹೆಂಗಸರೆಲ್ಲ ಕೊಡ ಕೆಳಗಿಟ್ಟರು. ನಾನೂ ಸೂಜಿಯನ್ನು ಚೀಲಕ್ಕೆ ಹಾಕಿ ಹತ್ತಿರ ಸರಿದೆ.

“ಯಾರದೋ?”

ಗದಿಗೆಪ್ಪಜ್ಜ ಕಟ್ಟೆಯ ಗಟ್ಟಿಯಾದ ಭಾಗವನ್ನು ಪಂಚೆಯ ತುದಿಯಿಂದ ಒರೆಸಿ, ಹೆಂಡತಿಗೆ ಜಾಗ ಮಾಡಿಕೊಟ್ಟ.

“ಕುಂದ್ರು,” ಎಂದ. “ಮೊದ್ಲ ಆ ಏಣಿ ಮಾಡಿದ ಬಡಿಗ್ಯಾರಾವನ ಮುತ್ತ್ಯಾನ ಸುದ್ದಿ ಕೇಳು.”